ಮಡಚಿಟ್ಟು ಹೋದ ಕಳ್ಳ

ಗಂಜಿಯಕ್ಕ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹೆತ್ತವರಾರೂ ಮಗಳಿಗೆ ಅಂಥ ಹೆಸರಿಡುವುದಿಲ್ಲ. ಅದು ಬೀದಿಯವರು ಇಟ್ಟದ್ದು. ಅವಳ ಲಾಂಡ್ರಿಯಲ್ಲಿ ಗಂಜಿ ಹಾಕಿಸಿಕೊಂಡು ಬಂದ ಅಂಗಿಯನ್ನು ನೆಲದ ಮೇಲೆ ಇಟ್ಟರೆ ತಾನೇ ನಿಲ್ಲುತ್ತದೆ, ಒಳಗೆ ಮನುಷ್ಯನೇ ಬೇಕಾಗಿಲ್ಲ ಎಂದು ಎದುರಿನ ಬೇಕರಿಯವನು ಒಮ್ಮೆ ತಮಾಷೆ ಮಾಡಿದ್ದೇ ನೆಪವಾಯಿತು. ಅವಳ ಸ್ವಭಾವಕ್ಕೂ ಆ ಹೆಸರು ಒಪ್ಪುತ್ತಿತ್ತು. ಮಾತು ನೆಟ್ಟಗೆ, ನಡೆ ನೆಟ್ಟಗೆ, ಇಡೀ ದಿನ ಮೇಜಿನ ಮುಂದೆ ನಿಂತು ದುಡಿದರೂ ಬೆನ್ನು ನೆಟ್ಟಗೆ.

ಬೀದಿಯವರಿಗೆ ಗೊತ್ತಿಲ್ಲದ ಗುಣ ಒಂದಿತ್ತು. ಅವಳಿಗೆ ವಿಪರೀತ ಕುತೂಹಲ. ಒಂದು ಬಟ್ಟೆ ಕೈಗೆ ಬಂದರೆ ಅದರ ಒಡೆಯನ ಸಮಾಚಾರ ತಿಳಿಯುವವರೆಗೆ ಅವಳಿಗೆ ಸಮಾಧಾನವಿಲ್ಲ. ಈ ಅಂಗಿಯ ಎಡ ಮೊಣಕೈ ಮಾತ್ರ ಯಾಕೆ ಸವೆದಿದೆ? ಈ ಪ್ಯಾಂಟಿನ ಒಂದೇ ಮಂಡಿಗೆ ಯಾಕೆ ಮಣ್ಣು? ಗಿರಾಕಿ ಬಂದಾಗ ಮೆಲ್ಲಗೆ ಮಾತಿಗೆಳೆದು ಉತ್ತರ ತೆಗೆಯುತ್ತಿದ್ದಳು. "ಊರಿನವರ ಮಂಡಿ ಕಟ್ಕೊಂಡು ನಿನಗೇನೇ ಆಗ್ಬೇಕು?" ಎಂದು ಮನೆಯಲ್ಲಿ ಅತ್ತೆ ಕೇಳಿದರೆ, "ಏನೂ ಆಗ್ಬೇಕಾಗಿಲ್ಲ ಅತ್ತೆ, ಗೊತ್ತಾಗ್ಬೇಕು ಅಷ್ಟೇ" ಎನ್ನುತ್ತಿದ್ದಳು.

ಅತ್ತೆಗೆ ಈ ಕಸುಬು ಮೊದಲಿನಿಂದಲೂ ಸೇರುತ್ತಿರಲಿಲ್ಲ. ಗಂಡ ಶಾಲೆಯ ವ್ಯಾನು ಓಡಿಸುವವನು. ಒಂದು ವರ್ಷ ಅವನ ಕಾಲು ಮುರಿದು ಮನೆಯಲ್ಲಿ ಕೂತಾಗ, ಊಟದ ಮೇಜಿನ ಮೇಲೆ ಕಂಬಳಿ ಹಾಸಿ ಅಕ್ಕಪಕ್ಕದವರ ಬಟ್ಟೆಗೆ ಇಸ್ತ್ರಿ ಹಾಕಲು ಶುರುಮಾಡಿದಳು. ಕಂಡವರ ಮೈಬೆವರಿನ ಬಟ್ಟೆ ಮುಟ್ಟುವ ಕೆಲಸವೇ ಬೇಕಾಗಿತ್ತೇ ಎಂದು ಅತ್ತೆ ಮೇಜಿನ ಎದುರಿನ ಕುರ್ಚಿಯಲ್ಲಿ ಕೂತು ದಿನವಿಡೀ ಗೊಣಗಿದರು. ಗಂಡನ ಕಾಲು ಕೂಡಿಕೊಂಡಿತು, ಮನೆಯ ಕೆಲಸ ಅಂಗಡಿಯಾಗಿ ಬೆಳೆಯಿತು. ಗೊಣಗಾಟ ಮಾತ್ರ ಇದ್ದಲ್ಲೇ ಇತ್ತು. ಅಂಗಡಿಯ ಮೆಟ್ಟಿಲನ್ನು ಅತ್ತೆ ಒಂದು ದಿನವೂ ಹತ್ತಲಿಲ್ಲ.

ಅಂಗಡಿಗೆ ಹೆಸರು ತಂದದ್ದು ಬಟ್ಟೆಗೆ ಅವಳು ಹಾಕುವ ಮಡಿಕೆ. ಸೈಕಲ್ಲಿನ ಹಿಂದೆ ಕಟ್ಟಿ ಕಳಿಸಿದ ಬಟ್ಟೆ ಹಳ್ಳಕೊಳ್ಳದ ರಸ್ತೆಯಲ್ಲಿ ಕುಲುಕಾಡಿ, ಗಿರಾಕಿಯ ಮನೆ ಮುಟ್ಟುವಷ್ಟರಲ್ಲಿ ಮುದ್ದೆಯಾಗುತ್ತಿತ್ತು. ಮನೆಯಲ್ಲಿ ಇಸ್ತ್ರಿ ಹಾಕುತ್ತಿದ್ದ ದಿನಗಳಲ್ಲೇ ಅದಕ್ಕೊಂದು ಉಪಾಯ ಹುಡುಕಿದಳು. ತೋಳುಗಳನ್ನು ಬೆನ್ನಿಗೆ ಮಡಚಿ, ಕೆಳಗಿನ ಅಂಚನ್ನು ಮೇಲಕ್ಕೆ ತಂದು, ಕೊನೆಗೆ ಅದನ್ನು ಲಕೋಟೆಯ ಬಾಯಿ ಮುಚ್ಚುವ ಹಾಗೆ ಕಾಲರಿನ ಹಿಂದೆ ಸಿಕ್ಕಿಸುವುದು. ಆಮೇಲೆ ಅಟ್ಟದಿಂದ ಎಸೆದರೂ ಅಂಗಿ ಬಿಚ್ಚಿಕೊಳ್ಳದು. ಈ ಮಡಿಕೆ ಅವಳನ್ನು ಬಿಟ್ಟರೆ ಗೊತ್ತಿದ್ದದ್ದು ಸಿಳ್ಳೆಯಣ್ಣನೊಬ್ಬನಿಗೆ. ಅಂಗಡಿ ಹಾಕಿದಂದಿನಿಂದ ಇಸ್ತ್ರಿ ಮೇಜಿನ ಮುಂದೆ ನಿಂತವನು ಅವನು. ಇಸ್ತ್ರಿ ಪೆಟ್ಟಿಗೆ ಕೈಗೆ ಬಂದರೆ ತುಟಿಗೆ ಸಿಳ್ಳೆ ಬಂದುಬಿಡುತ್ತಿತ್ತು, ಹಾಗಾಗಿ ಆ ಹೆಸರು. ಅಂಗಡಿಯ ಬೀಗದ ಕೈ ಅವನ ಹತ್ತಿರವೇ ಇರುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆಯುವವನು, ಗಂಜಿ ಕಾಯಿಸುವವನು ಅವನೇ.

ಇನ್ನು ಕಳ್ಳತನದ ವಿಷಯ. ಒಂದು ಮಧ್ಯಾಹ್ನ ಗಂಡ ವ್ಯಾನಿನಲ್ಲಿದ್ದ, ಅತ್ತೆ ಎರಡು ಬೀದಿ ಆಚೆಗಿನ ತಂಗಿಯ ಮನೆಗೆ ಹೋಗಿದ್ದರು, ಇವಳು ಅಂಗಡಿಯಲ್ಲಿದ್ದಳು. ಮೇಲಿನ ಮನೆಯವರು ಫೋನು ಮಾಡಿದರೆಂದು ಓಡಿಬಂದರೆ, ಮನೆಯ ಬಾಗಿಲು ಮುರಿದಿದೆ. ಅತ್ತೆ ಹೊರಗಿನ ಮೆಟ್ಟಿಲ ಮೇಲೆ ಕೈಚೀಲ ಎದೆಗೆ ಒತ್ತಿಕೊಂಡು ಕೂತಿದ್ದಾರೆ. ಮೀಸೆಯ ಪೊಲೀಸಿನವನೊಬ್ಬ ಹೊಸ್ತಿಲಲ್ಲಿ ನಿಂತು ಇಡೀ ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದಾನೆ.

"ಯಾರೂ ಏನೂ ಮುಟ್ಟಬೇಡಿ! ಮುಟ್ಟಿದವರನ್ನೇ ಮೊದಲು ಠಾಣೆಗೆ ಕರೆಸಬೇಕಾಗುತ್ತೆ, ಹೇಳಿದೀನಿ! ಅಜ್ಜಿ, ನೀವು ಒಳಗೆ ಹೋಗಿದ್ರಾ?"

"ಇಲ್ಲಪ್ಪಾ, ನಾನ್ಯಾಕೆ ಹೋಗ್ಲಿ?" ಎಂದರು ಅತ್ತೆ. "ಬಾಗಿಲು ಮುರಿದಿದ್ದು ನೋಡಿ ಮೇಲಿನ ಮನೆಯವರನ್ನ ಕೂಗಿದೆ ಅಷ್ಟೇ."

ಒಳಗೆ ನಡುಮನೆಯ ಡ್ರಾಯರುಗಳು ಬೋರಲಾಗಿದ್ದವು. ಅಡುಗೆಮನೆಯ ಡಬ್ಬಿಗಳೆಲ್ಲ ನೆಲಕ್ಕೆ ಸುರಿದಿದ್ದವು. ಗಂಡನ ಕೈಗಡಿಯಾರ, ಅವಳ ಓಲೆ, ರೇಡಿಯೋ ಹೋಗಿದ್ದವು. ಆದರೆ ಮಲಗುವ ಕೋಣೆಗೆ ಕಾಲಿಟ್ಟ ಗಂಜಿಯಕ್ಕ ನಿಂತಲ್ಲೇ ನಿಂತಳು. ಬೀರು ಬಾಯಿ ತೆರೆದಿತ್ತು, ಒಳಗಿನ ಬಟ್ಟೆಯೆಲ್ಲ ಹೊರಗಿತ್ತು, ನಿಜ. ಆದರೆ ಅದೆಲ್ಲ ಮಂಚದ ಮೇಲೆ ಸಾಲಾಗಿ, ಓರಣವಾಗಿ, ಮಡಚಿ ಇಟ್ಟಿತ್ತು.

ಪೊಲೀಸಿನವನು ಮೀಸೆ ಸವರಿದ. "ಕದ್ದ ಮನೇಲೇ ಊಟ ಮಾಡ್ಕೊಂಡು ಹೋದವರನ್ನ ನೋಡಿದೀನಿ. ಮಂಚದ ಮೇಲೆ ನಿದ್ದೆ ಹೊಡೆದವನನ್ನೂ ಹಿಡಿದಿದೀನಿ. ಬಟ್ಟೆ ಮಡಚಿಟ್ಟು ಹೋದ ಕಳ್ಳನನ್ನ ಇವತ್ತೇ ನೋಡ್ತಿರೋದು. ಇನ್ನೊಂದು ಸಲ ಬಂದ್ರೆ ಇಸ್ತ್ರಿನೂ ಹಾಕಿ ಹೋಗ್ತಾನೆ ನೋಡಿ."

ಅವನ ಮಾತು ಗಂಜಿಯಕ್ಕನ ಕಿವಿಗೆ ಬೀಳಲಿಲ್ಲ. ಎಲ್ಲಕ್ಕಿಂತ ಮೇಲಿದ್ದ ಗಂಡನ ಅಂಗಿಯನ್ನು ಅವಳು ನೋಡುತ್ತಿದ್ದಳು. ಅದರ ಅಂಚು ಕಾಲರಿನ ಹಿಂದೆ ಲಕೋಟೆಯ ಹಾಗೆ ಸಿಕ್ಕಿಸಿತ್ತು. ಮನೆಯ ಬಟ್ಟೆಗೆ ಆ ಮಡಿಕೆ ಹಾಕಲು ಅವಳಿಗೆ ಎಂದೂ ಪುರುಸೊತ್ತಾದದ್ದಿಲ್ಲ. ಊರಿಗೆಲ್ಲ ನೀಟಾಗಿ ಮಡಚಿಕೊಡುವವಳ ಮನೆಯ ಬೀರುವಿನಲ್ಲಿ ಬಟ್ಟೆ ತುರುಕಿಟ್ಟಿರುತ್ತಿತ್ತು, ದೀಪದ ಕೆಳಗೆ ಕತ್ತಲೆ. ಅಂದಮೇಲೆ ಇದು ಕಳ್ಳನ ಕೈಕೆಲಸ. ಆ ಮಡಿಕೆ ಬಲ್ಲವನು ಲೋಕದಲ್ಲಿ ಅವಳನ್ನು ಬಿಟ್ಟು ಒಬ್ಬನೇ.

"ಯಾರ ಮೇಲಾದ್ರೂ ಅನುಮಾನ ಇದೆಯೇನಮ್ಮಾ?"

"ಇಲ್ಲ" ಎಂದಳು. ಅವಳು ಬಾಯಿಬಿಟ್ಟರೆ ಸಂಜೆಯೊಳಗೆ ಸಿಳ್ಳೆಯಣ್ಣ ಠಾಣೆಯ ಬೆಂಚಿನ ಮೇಲೆ ಕೂರುತ್ತಾನೆ. ಅಂದು ಮಧ್ಯಾಹ್ನ ಹೆಂಡತಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕೆಂದು ಅವನು ಅಂಗಡಿಯಿಂದ ಹೊರಟದ್ದು ಅವಳಿಗೆ ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಕಳ್ಳ ತೆಗೆದುಕೊಂಡು ಹೋದದ್ದು ಒಂದು ಚೀಲದಷ್ಟು ಸಾಮಾನು. ಆದರೆ ಆ ಮನೆಯ ನೆಮ್ಮದಿ ಹೋದದ್ದು ಗಾಡಿಗಟ್ಟಲೆ. ಗಂಡ ಬೀಗ ಚಿಲಕಗಳ ಹಿಂದೆ ಬಿದ್ದ. ಮುಂಬಾಗಿಲಿಗೆ ಹೊಸ ಬೀಗ, ಮೇಲೊಂದು ಚಿಲಕ, ಕೆಳಗೊಂದು ಚಿಲಕ, ಅಡ್ಡಕ್ಕೊಂದು ಕಬ್ಬಿಣದ ಪಟ್ಟಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗಾಯಿತು. ಒಂದು ಬೆಳಿಗ್ಗೆ ತಾನೇ ಹಾಕಿದ ಪಟ್ಟಿ ತೆಗೆಯಲು ಬಾರದೆ ಅವನು ಒಳಗೇ ಸಿಕ್ಕಿಕೊಂಡ, ಶಾಲೆಯ ಮಕ್ಕಳು ಬೀದಿಬೀದಿಯಲ್ಲಿ ವ್ಯಾನಿಗಾಗಿ ಕಾದು ನಿಂತಿದ್ದವು. ಬೇರೆ ಊರಲ್ಲಿದ್ದ ಮಗಳು ಫೋನಿನಲ್ಲಿ ಮನೆ ಬದಲಾಯಿಸಿ ಎಂದಳು.

ಅತ್ತೆಯದು ಇನ್ನೊಂದು ಬಗೆ. ಗಟ್ಟಿ ಹೆಂಗಸು, ಬಾಗಿಲಿಗೆ ಬಂದ ಅಪರಿಚಿತನನ್ನು ಮಾತಿನಲ್ಲೇ ಬೀದಿ ದಾಟಿಸುತ್ತಿದ್ದವರು, ಈಗ ಯಾರಾದರೂ ಬಾಗಿಲು ತಟ್ಟಿದರೆ ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದರು. ತಂಗಿಯ ಮನೆಗೆ ಹೋಗುವುದು ಬಿಟ್ಟರು. ಎಲ್ಲಕ್ಕಿಂತ ವಿಚಿತ್ರವೆಂದರೆ ಗೊಣಗುವುದನ್ನೂ ಬಿಟ್ಟರು. ಹೋದದ್ದರಲ್ಲಿ ಇದೊಂದಾದರೂ ಒಳ್ಳೆಯದಾಯಿತು ಎಂದು ಗಂಡ ನಗಲು ನೋಡಿದ. ಗಂಜಿಯಕ್ಕನಿಗೆ ನಗು ಬರಲಿಲ್ಲ. ಗೊಣಗದ ಅತ್ತೆಯನ್ನು ಕಂಡು ಅವಳಿಗೆ ಹೆದರಿಕೆಯಾಗುತ್ತಿತ್ತು.

ಅವಳನ್ನು ಕೊರೆಯುತ್ತಿದ್ದದ್ದು ಓಲೆಯೂ ಅಲ್ಲ, ಬಾಗಿಲೂ ಅಲ್ಲ, ಆ ಮಡಿಕೆ. ತಲೆಯೊಳಗೆ ಹುಳ ಬಿಟ್ಟ ಹಾಗಾಗಿತ್ತು. ಕದಿಯಲು ಬಂದವನು ಮಡಚುತ್ತಾ ಯಾಕೆ ಕೂತ? ಅದೂ ಮಲಗುವ ಕೋಣೆಯ ಬಟ್ಟೆ ಮಾತ್ರ ಯಾಕೆ? ಅಡುಗೆಮನೆಯನ್ನು ಹಾಗೆ ಹಾಳುಗೆಡವಿದವನಿಗೆ ಇಲ್ಲಿ ಏಕಾಏಕಿ ಮರ್ಯಾದೆ ಎಲ್ಲಿಂದ ಬಂತು? ಇನ್ನೊಂದು ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವಳ ಒಳಬಟ್ಟೆಗಳನ್ನು ಎಲ್ಲಕ್ಕಿಂತ ಕೆಳಗೆ, ಒಂದು ಹೊದಿಕೆಯೊಳಗೆ ಸುತ್ತಿ, ಯಾರ ಕಣ್ಣಿಗೂ ಬೀಳದ ಹಾಗೆ ಇಟ್ಟಿತ್ತು. ನಾಚಿಕೆಯಿರುವ ಕಳ್ಳ! ಸಿಳ್ಳೆಯಣ್ಣ ಅಂಥ ಮನುಷ್ಯನೇ. ಹೆಂಗಸರ ಬಟ್ಟೆ ಬಂದರೆ ಮುಖ ಆಚೆ ತಿರುಗಿಸಿ ಅವಳ ಕಡೆಗೆ ತಳ್ಳುತ್ತಿದ್ದವನು. ಅವನ ಒಳ್ಳೆಯತನವೇ ಅವನ ವಿರುದ್ಧ ಸಾಕ್ಷಿ ಹೇಳುತ್ತಿದೆಯಲ್ಲ ಎಂದು ಅವಳಿಗೆ ಸಂಕಟವಾಯಿತು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಒಂದು ಬೆಳಿಗ್ಗೆ ಅವನನ್ನು ಕರೆದಳು. "ಅಂಗಡಿ ಬೀಗದ ಕೈ ಕೊಟ್ಟಿರು. ಇವರು ಎಲ್ಲಾ ಬೀಗ ಬದಲಾಯಿಸ್ತಿದಾರೆ."

ಅವನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಅಂಗಡಿಯ ಬೀಗ ಬದಲಾಗಲಿಲ್ಲ. ಅವನು ದಿನಾ ಅವಳಿಗಿಂತ ಮೊದಲೇ ಬಂದು, ಮುಚ್ಚಿದ ಬಾಗಿಲ ಮುಂದೆ ಗಿರಾಕಿಯ ಹಾಗೆ ನಿಂತಿರುತ್ತಿದ್ದ. ಬೇಕರಿಯವನು ನೋಡುತ್ತಿದ್ದ. ಇಸ್ತ್ರಿ ಮೇಜಿನಿಂದ ಈಗ ಹಬೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆ ನಡುವೆ ಮೀಸೆಯ ಪೊಲೀಸಿನವನು ಎರಡು ಸಲ ಅಂಗಡಿಗೆ ಬಂದು, ಯಾರ ಹೆಸರಾದರೂ ನೆನಪಾಯಿತೇ ಎಂದು ಕೇಳಿ, ಸಿಳ್ಳೆಯಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೋದ.

ಅವನು ಎರಡನೆಯ ಸಲ ಹೋದ ಮೇಲೆ ಸಿಳ್ಳೆಯಣ್ಣ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಈಚೆ ಬಂದ.

"ಅಕ್ಕಾ, ಒಂದು ಮಾತು ಕೇಳ್ತೀನಿ. ನಿಮ್ಮನೆ ಕಳ್ಳತನಕ್ಕೂ ನನ್ನ ಬೀಗದ ಕೈಗೂ ಏನು ಸಂಬಂಧ?"

ಅವಳು ಏನೋ ಸುಳ್ಳು ಹೇಳಲು ಹೋದಳು. ಜನ್ಮದಲ್ಲಿ ಅಭ್ಯಾಸವಿಲ್ಲದ ಕೆಲಸ, ನಾಲಿಗೆ ಏಳಲಿಲ್ಲ. ಸುಮ್ಮನೆ ಒಳಗೆ ಹೋಗಿ, ಕಪಾಟಿನ ಹಿಂದೆ ಕಾಗದದಲ್ಲಿ ಸುತ್ತಿ ಬಚ್ಚಿಟ್ಟಿದ್ದ ಗಂಡನ ಅಂಗಿ ತಂದು ಅವನ ಮುಂದಿಟ್ಟಳು.

"ಕಳ್ಳ ಇದನ್ನ ಮಡಚಿಟ್ಟು ಹೋದ."

ಸಿಳ್ಳೆಯಣ್ಣ ನೋಡಿದ. ಅಂಚಿನ ಮೇಲೆ ಬೆರಳಾಡಿಸಿದ. ಅವನ ಮುಖದ ಬಣ್ಣ ಇಳಿಯಿತು.

"ನಮ್ಮ ಮಡಿಕೆ."

"ಹೂಂ."

"ಅದಕ್ಕೇ ನಾನು."

ಅವಳು ನೆಲ ನೋಡಿದಳು. ಸಿಳ್ಳೆಯಣ್ಣ ಅಂಗಿಯ ಅಂಚನ್ನು ಕಾಲರಿನಿಂದ ಎಳೆದು ಒಂದೊಂದೇ ಮಡಿಕೆ ಬಿಚ್ಚತೊಡಗಿದ. ಅವಳಿಗೆ ಗಾಬರಿಯಾಗಿ "ಬಿಚ್ಚಬೇಡ!" ಎಂದಳು.

ಇಲ್ಲಿ ಒಂದು ಮಾತು ಹೇಳಬೇಕು. ಇಷ್ಟು ದಿನವೂ ಆ ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿದ್ದಳೇ ಹೊರತು ಅದನ್ನು ಅವಳು ಬಿಚ್ಚಿರಲಿಲ್ಲ. ಮಡಚಿದ್ದನ್ನು ಬಿಚ್ಚಬಾರದು ಎಂಬುದು ಅವಳ ಕಸುಬಿನ ಮೊದಲ ಪಾಠ. ಬೇರೆ ಯಾರೇ ಆಗಿದ್ದರೂ ಮೊದಲನೆಯ ದಿನವೇ ಕೊಡವಿ ಹಾಕುತ್ತಿದ್ದರು. ಊರಿನವರ ಜೇಬು, ಮಂಡಿ, ಮೊಣಕೈ ಎಲ್ಲ ಜಾಲಾಡುವವಳ ಕುತೂಹಲ ಸ್ವಂತ ಮನೆಯ ಅಂಗಿಯ ಮೇಲ್ಮಡಿಕೆಯಲ್ಲೇ ನಿಂತುಬಿಟ್ಟಿತ್ತು.

"ಇಲ್ಲಿ ನೋಡಿ ಅಕ್ಕಾ" ಎಂದ ಸಿಳ್ಳೆಯಣ್ಣ. "ತೋಳಿನ ತುದಿಯ ಪಟ್ಟೀನ ಒಳಕ್ಕೆ ಮಡಚಿ ತುರುಕಿದಾರೆ. ನಾವು ಹೀಗೆ ಮಾಡ್ತೀವಾ? ಪಟ್ಟಿ ಚಪ್ಪಟೆಯಾಗಿ ಹೊರಗೆ ಬಿಡಬೇಕು ಅಂತ ನೀವೇ ತಾನೇ ನನಗೆ ಕಲಿಸಿದ್ದು? ನನಗೆ ಹೀಗೆ ಮಡಚೋಕೇ ಬರಲ್ಲ."

ಗಂಜಿಯಕ್ಕ ಅಂಗಿಯನ್ನು ಕಿತ್ತುಕೊಂಡು ನೋಡಿದಳು. ತೋಳಿನ ಪಟ್ಟಿ ಒಳಕ್ಕಿತ್ತು. ಅದು ತಪ್ಪಲ್ಲ, ಅದು ಅವಳದೇ ಹಳೆಯ ರೀತಿ. ಮೊದಮೊದಲು ಅವಳು ಹಾಗೇ ಮಡಚುತ್ತಿದ್ದದ್ದು. ಕೈಪಟ್ಟಿ ಸುಕ್ಕಾಗುತ್ತದೆ ಎಂದು ಒಬ್ಬ ವಕೀಲರು ರೇಗಿದ ಮೇಲೆ ಬದಲಾಯಿಸಿದ್ದಳು. ಆಗ ಸಿಳ್ಳೆಯಣ್ಣ ಇರಲಿಲ್ಲ, ಅಂಗಡಿಯೂ ಇರಲಿಲ್ಲ. ಇದ್ದದ್ದು ಕಂಬಳಿ ಹಾಸಿದ ಊಟದ ಮೇಜು, ಕಾಲಿಗೆ ಪಟ್ಟು ಹಾಕಿಕೊಂಡು ಒಳಕೋಣೆಯಲ್ಲಿ ಮಲಗಿದ್ದ ಗಂಡ, ಮತ್ತೆ ಮೇಜಿನ ಎದುರಿನ ಕುರ್ಚಿ.

ಅವಳು ಚಪ್ಪಲಿ ಮೆಟ್ಟಿಕೊಂಡದ್ದು ಸಿಳ್ಳೆಯಣ್ಣನಿಗೆ ಕಂಡಿತು, ಹೋದದ್ದು ಕಾಣಲಿಲ್ಲ, ಅಷ್ಟು ಬೇಗ ಹೋದಳು.

ಮನೆಯ ಬಾಗಿಲು ತಟ್ಟಿ, ನಾನೇ ಎಂದು ಮತ್ತೆ ಮತ್ತೆ ಕೂಗಿದ ಮೇಲೆ ಅತ್ತೆ ಬಾಗಿಲು ತೆಗೆದರು. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಸೊಸೆಯನ್ನು ನೋಡಿದರು, ಅವಳ ಕೈಯಲ್ಲಿದ್ದ ಅಂಗಿಯನ್ನು ನೋಡಿದರು, ಹೋಗಿ ಕುರ್ಚಿಯಲ್ಲಿ ಕೂತರು.

"ಅತ್ತೆ, ಇದನ್ನ ಮಡಚಿದ್ದು ನೀವು."

ಅತ್ತೆ ಸೆರಗಿಲ್ಲದ ಹೆಗಲನ್ನು ಕೈಯಿಂದ ಒರೆಸಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಕಣ್ಣೆದುರೇ ನಡೆಯಿತು. ಬೇರೆ ದಿನವಾಗಿದ್ದರೆ ಗಂಜಿಯಕ್ಕ ನಕ್ಕುಬಿಡುತ್ತಿದ್ದಳು.

"ಪೊಲೀಸರಿಗೆ ಹೇಳ್ತೀಯಾ?"

"ಯಾಕೆ ಮಡಚಿದ್ರಿ? ಅಷ್ಟು ಹೇಳಿ ಸಾಕು. ನನಗೆ ಗೊತ್ತಾಗ್ಬೇಕು."

ಅತ್ತೆ ಅಂಗಿಯನ್ನು ಅವಳ ಕೈಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಶುರುಮಾಡಿದರೆ ನಿಲ್ಲಿಸಲಿಲ್ಲ.

"ನಾನು ಬಂದಾಗ ಯಾರೂ ಇರಲಿಲ್ಲ. ಒಳಗೆ ಹೋದೆ. ನಿನ್ನ ಬಟ್ಟೆ ಎಲ್ಲಾ ನೆಲದ ಮೇಲೆ ಕಣೇ. ಒಳಗಿನದು, ಹೊರಗಿನದು, ಎಲ್ಲಾ. ಒಂದರ ಮೇಲೆ ಆ ಹಾಳಾದವನ ಬೂಟಿನ ಗುರುತು. ಇನ್ನೇನು ನನ್ನ ಮಗ ಬರ್ತಾನೆ, ಪೊಲೀಸರು ಬರ್ತಾರೆ, ಬೀದಿಯವರೆಲ್ಲಾ ಬಂದು ಇಣುಕ್ತಾರೆ. ನನ್ನ ಸೊಸೆ ಬಟ್ಟೆನ ಹಾಗೆ ಎಲ್ಲರೂ ನೋಡ್ಬೇಕಾ? ನೀನು ಬಂದು ಅದನ್ನ ನೋಡ್ಬೇಕಾ? ಒಂದೊಂದೇ ಎತ್ತಿ ಮಡಚಿದೆ. ಬೂಟಿನ ಗುರುತು ಇದ್ದಿದ್ದನ್ನ ಒಗೆದು ಹಿಂದುಗಡೆ ಒಣಗೋಕೆ ಹಾಕಿದೆ. ಆಮೇಲೆ ಮೇಲಿನವರನ್ನ ಕೂಗಿದೆ. ಆ ಮೀಸೆಯವನು ಬಂದವನೇ ಮುಟ್ಟಿದವರನ್ನ ಠಾಣೆಗೆ ಒಯ್ತೀನಿ ಅಂದ. ಇಲ್ಲ ಅಂದುಬಿಟ್ಟೆ. ಒಂದು ಸಲ ಇಲ್ಲ ಅಂದಮೇಲೆ ಹೌದು ಅನ್ನೋದು ಹೇಗೆ?"

"ಈ ಮಡಿಕೆ ಯಾಕೆ ಹಾಕಿದ್ರಿ ಅತ್ತೆ?"

"ನನಗೆ ಬರೋದು ಅದೊಂದೇ" ಎಂದರು ಅತ್ತೆ, ಸ್ವಲ್ಪ ಸಿಟ್ಟಿನಿಂದಲೇ. "ಎದುರಿಗೆ ಕೂತು ದಿನಾ ನೋಡ್ತಿರಲಿಲ್ವಾ? ಬೇರೆ ಥರ ಮಡಚಿದ್ರೆ ನಿನಗೆ ಹಿಡಿಸುತ್ತಾ?"

ಗಂಜಿಯಕ್ಕನಿಗೆ ಅಳು ಬಂತು. ಗೊಣಗುತ್ತಿದ್ದ ಆ ಬಾಯಿಯ ಮೇಲೆಯೇ ಎರಡು ಕಣ್ಣುಗಳೂ ಇದ್ದವೆಂಬುದು ಇಷ್ಟು ವರ್ಷ ಅವಳ ಲೆಕ್ಕಕ್ಕೆ ಬಂದಿರಲಿಲ್ಲ. ಅತ್ತೆಯ ಕೈ ಹಿಡಿದುಕೊಂಡು ಅತ್ತಳು. ಅಳುತ್ತಲೇ, ಈ ಮಡಿಕೆಯ ದೆಸೆಯಿಂದ ತಾನು ಸಿಳ್ಳೆಯಣ್ಣನಿಗೆ ಏನು ಮಾಡಿದೆ ಎಂಬುದನ್ನೂ ಹೇಳಿದಳು.

ಅತ್ತೆ ಎದ್ದು ನಿಂತರು. "ನಡಿ."

"ಎಲ್ಲಿಗೆ?"

"ಇನ್ನೆಲ್ಲಿಗೆ? ನಿನ್ನ ಅಂಗಡಿಗೆ."

ಅಂಗಡಿಯ ಮೆಟ್ಟಿಲನ್ನು ಅತ್ತೆ ಹತ್ತುವುದನ್ನು ಕಂಡು ಬೇಕರಿಯವನು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟ. ಅತ್ತೆ ನೇರವಾಗಿ ಇಸ್ತ್ರಿ ಮೇಜಿನ ಮುಂದೆ ಹೋಗಿ ನಿಂತರು. "ಮಡಚಿದ್ದು ನಾನಪ್ಪಾ. ಹೆದರಿ ಸುಳ್ಳು ಹೇಳಿದೆ. ತಪ್ಪು ನಂದು, ಇವಳದಲ್ಲ."

ಸಿಳ್ಳೆಯಣ್ಣ ಅವರಿಗೆ ಸ್ಟೂಲು ಎಳೆದು ಹಾಕಿದ, ಕೂರಿಸಿದ, ನೀರು ಕೊಟ್ಟ. ಆಮೇಲೆ ಹೇಳಿದ.

"ನಿಮ್ಮದು ಹೆದರಿಕೆ ಅಜ್ಜಿ. ಅದು ಯಾರಿಗಾದ್ರೂ ಆಗುತ್ತೆ. ಅಕ್ಕಂದು ಅನುಮಾನ. ಎರಡೂ ಒಂದೇ ಅಲ್ಲ."

ಗಂಜಿಯಕ್ಕ ಬೀಗದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದಳು. "ತಪ್ಪಾಯ್ತು. ನಿನ್ನನ್ನೇ ಕೇಳಬೇಕಾಗಿತ್ತು, ಮೊದಲನೇ ದಿನವೇ ಕೇಳಬೇಕಾಗಿತ್ತು. ತಗೋ."

"ಈಗ ಬೇಡ ಅಕ್ಕಾ. ನಿಮ್ಮ ಹತ್ರಾನೇ ಇರಲಿ" ಎಂದ ಅವನು. ಸಿಟ್ಟು ಮಾಡಲಿಲ್ಲ, ದನಿ ಏರಿಸಲಿಲ್ಲ. ಮುಂದಿನ ಅಂಗಿ ತೆಗೆದು ಕಾಲರಿಗೆ ನೀರು ಚಿಮುಕಿಸಿದ.

ಅಂದು ಸಂಜೆ ಅವಳು ಅತ್ತೆಯನ್ನು ಕರೆದುಕೊಂಡು ಠಾಣೆಗೂ ಹೋಗಿ ನಡೆದದ್ದನ್ನು ಹೇಳಿಬಂದಳು. ಮೀಸೆಯವನು ಗದರಿಸಲು ಬಾಯಿ ತೆರೆದು, ಅತ್ತೆಯ ಮುಖ ನೋಡಿ, ನಕ್ಕು ಕಳಿಸಿದ. ಕಳ್ಳ ಸಿಗಲಿಲ್ಲ. ಸಿಗಲಾರನೆಂದು ಎಲ್ಲರಿಗೂ ಗೊತ್ತಿತ್ತು. ಮನೆಯಲ್ಲಿ ಅತ್ತೆಯ ಗೊಣಗಾಟ ಮೆಲ್ಲಗೆ ಚಿಗುರಿಕೊಂಡಿತು, ಮೊದಲು ಮಗನ ಚಿಲಕಗಳ ಮೇಲೆ, ಆಮೇಲೆ ಬೆಲೆಗಳ ಮೇಲೆ. ಆದರೆ ಯಾರಾದರೂ ಬಾಗಿಲು ತಟ್ಟಿದರೆ ಅಡುಗೆಮನೆಗೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಗಂಜಿಯಕ್ಕ ದಿನವೂ ಬೆಳಿಗ್ಗೆ ತಾನೇ ಹೋಗಿ ಅಂಗಡಿ ತೆರೆದಳು, ಬೀಗದ ಕೈಯನ್ನು ಸಿಳ್ಳೆಯಣ್ಣನ ಮೇಜಿನ ತುದಿಯಲ್ಲಿಟ್ಟಳು, ಸಂಜೆ ಅದು ಅಲ್ಲೇ ಬಿದ್ದಿರುತ್ತಿತ್ತು, ಬೀಗ ಹಾಕಿ ತಾನೇ ಮನೆಗೆ ತರುತ್ತಿದ್ದಳು. ಅವನು ಅವಳೊಡನೆ ಕೆಲಸದ ಮಾತಾಡುತ್ತಿದ್ದ, ನಗಿಸಿದರೆ ನಗುತ್ತಿದ್ದ. ಮುರಿದ ಬಾಗಿಲನ್ನು ಬಡಗಿ ಒಂದು ದಿನದಲ್ಲಿ ಸರಿಮಾಡಿದ್ದ. ಇದನ್ನು ಸರಿಮಾಡುವುದು ಬಡಗಿಯಿಂದಾಗುವ ಕೆಲಸವಲ್ಲ ಎಂದು ಅವಳಿಗೆ ತಿಳಿದುಹೋಗಿತ್ತು. ಕಾಯುವುದೊಂದೇ ಅವಳ ಪಾಲಿಗೆ ಉಳಿದದ್ದು, ಕಾಯುತ್ತಿದ್ದಳು.

ಚಳಿ ಶುರುವಾದಾಗ ಅವಳಿಗೆ ಜ್ವರ ಬಂತು. ಎದ್ದರೆ ತಲೆ ಸುತ್ತುತ್ತಿತ್ತು. ಗಂಡ ವ್ಯಾನಿಗೆ ಹೋಗಿಯಾಗಿತ್ತು. ಅಂಗಡಿ ತೆರೆಯುವ ಹೊತ್ತು ಮೀರಿ ಬೀದಿಯಲ್ಲಿ ಬಿಸಿಲು ಬಂದಿತ್ತು. ಇವತ್ತು ಹೋಟೆಲಿನವರಿಗೆ ಹೊದಿಕೆಗಳನ್ನು ಕೊಡಬೇಕಾಗಿತ್ತಲ್ಲ ಎಂದು ಮಲಗಿದಲ್ಲೇ ಅವಳು ಚಡಪಡಿಸುತ್ತಿರುವಾಗ ಬಾಗಿಲು ತಟ್ಟಿದ ಸದ್ದಾಯಿತು.

ಅತ್ತೆಯ ಹೆಜ್ಜೆ ಅಡುಗೆಮನೆಯ ಕಡೆ ಹೊರಟು, ನಡುವೆ ನಿಂತಿತು.

"ಯಾರದು?"

"ನಾನು ಅಜ್ಜಿ. ಅಕ್ಕ ಬರಲಿಲ್ಲ, ಹುಷಾರಿಲ್ಲ ಅಂತ ಕಾಣುತ್ತೆ. ಬೀಗದ ಕೈ ಇಸ್ಕೊಂಡು ಹೋಗೋಣ ಅಂತ ಬಂದೆ."

ಒಳಗೆ ಮಲಗಿದ್ದ ಗಂಜಿಯಕ್ಕ ಏಳಲಿಲ್ಲ, ಕೂಗಲೂ ಇಲ್ಲ. ಅತ್ತೆ ಏನು ಮಾಡುತ್ತಾರೆ ಎಂದು ಅವಳಿಗೆ ಗೊತ್ತಾಗಬೇಕಾಗಿತ್ತು. ಹೆಜ್ಜೆ ಬಾಗಿಲ ಕಡೆ ತಿರುಗಿತು. ಬಾಗಿಲು ಗೋಡೆಗೆ ತಾಗುವವರೆಗೆ ಪೂರ್ತಿ ತೆರೆದುಕೊಂಡಿತು.

"ಅವಳಿಗೆ ಜ್ವರ. ಬೀಗದ ಕೈ ಗೂಟದಲ್ಲೇ ಇದೆ, ತಗೋ. ಹೊರಗೇ ಯಾಕೆ ನಿಂತೆ? ಒಳಗೆ ಬಾ, ಕೂತ್ಕೋ" ಎಂದರು ಅತ್ತೆ.